ಲೇಬಲ್ಲಿನ ಮೂವತ್ತೆರಡು ಅಕ್ಷರ

ಮೊದಲ ಸಲ ಬರೆದಾಗ ಇದು ಇಂಡಿ ಊರಿನ ನನ್ನ ರೇಡಿಯೊ ರಿಪೇರಿ ಅಂಗಡಿಯಿಂದ ಶುರುವಾಗಿ ನಿವೃತ್ತಿಯ ದಿನದ ಶಾಲು ಹಾರದಲ್ಲಿ ಮುಗಿದಿತ್ತು. ಓದಲು ಚೆನ್ನಾಗಿತ್ತು. ಹರಿದು ಹಾಕಿದೆ. ಎರಡನೇ ಸಲ ನನ್ನ ತಪ್ಪಿನಿಂದಲೇ ಶುರು ಮಾಡಿದೆ. ಬರೆಯುತ್ತ ಹೋದಂತೆ ಆ ತಪ್ಪು ಮಾಡಿದವನು ನನಗಿಂತ ಒಳ್ಳೆಯ ಮನುಷ್ಯನಾಗಿ ಕಾಣತೊಡಗಿದ. ಅದನ್ನೂ ಹರಿದೆ. ಇದು ಮೂರನೆಯದು. ಖಾತ್ರಿ ಇಲ್ಲದ ಕಡೆ ಖಾತ್ರಿ ಇಲ್ಲ ಎಂದೇ ಬರೆಯುತ್ತೇನೆ.

ಖಾತ್ರಿ ಇರುವುದು ಇಷ್ಟು. ಒಬ್ಬ ಮನುಷ್ಯನ ದನಿ ನನ್ನ ಕೈಯಿಂದ ಹಾಳಾಯಿತು. ಹೇಗೆ ಹಾಳಾಯಿತೆಂದು ಆರು ವರ್ಷ ಅವರಿಗೆ ಹೇಳಲಿಲ್ಲ. ದವಾಖಾನೆಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಈಗ ಸೇರುತ್ತಿರುವವರು ಇದನ್ನು ಓದಲಿ.

ನಾನು ಕೆಲಸ ಮಾಡಿದ್ದು ನಾಲ್ಕು ಊರುಗಳಲ್ಲಿ ಸಣ್ಣ ದವಾಖಾನೆ ಇಟ್ಟುಕೊಂಡಿದ್ದ ಒಂದು ಟ್ರಸ್ಟಿನಲ್ಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಮುಖ್ಯ ಕಚೇರಿ ವಿಜಯಪುರದಲ್ಲಿ. ನಾಲ್ಕಕ್ಕೂ ನಾನೊಬ್ಬನೇ. ದಿನಕ್ಕೊಂದು ಊರು, ದಿನಕ್ಕೆರಡು ಬಸ್ಸು. ಹೆಗಲಿಗೆ ಒಂದು ಚೀಲ. ಅದರಲ್ಲಿ ಸ್ಕ್ರೂಡ್ರೈವರ್, ಧೂಳು ಹೊಡೆಯುವ ಬ್ರಷ್, ಎರಡು ಕೇಬಲ್, ನನ್ನ ಲ್ಯಾಪ್‌ಟಾಪ್, ಹಸಿರು ರಟ್ಟಿನ ಒಂದು ನೋಟ್‌ಬುಕ್. ನಾನು ಓದಿ ಕಲಿತವನಲ್ಲ. ರೇಡಿಯೊ, ಟೇಪ್‌ರೆಕಾರ್ಡರ್ ಬಿಚ್ಚಿ ಕಲಿತವನು. ಯಾವ ವಸ್ತುವನ್ನಾದರೂ ಬಿಚ್ಚಿದರೆ ಅದು ತನ್ನ ಗುಟ್ಟು ಬಿಟ್ಟುಕೊಡುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು. ಬಹಳ ವರ್ಷ ಅದು ಸುಳ್ಳಾಗಲೂ ಇಲ್ಲ.

ನಮ್ಮ ದವಾಖಾನೆಗಳಲ್ಲಿ ಒಂದು ರೂಢಿ ಇತ್ತು. ಯಾವುದಕ್ಕೆ ಪಾಸ್‌ವರ್ಡ್ ಇದೆಯೋ ಅದರ ಮೈಮೇಲೇ ಪಾಸ್‌ವರ್ಡ್ ಬರೆದು ಅಂಟಿಸುವುದು. ಕಂಪ್ಯೂಟರಿನದು ಕಂಪ್ಯೂಟರಿಗೆ, ಪ್ರಿಂಟರಿನದು ಪ್ರಿಂಟರಿಗೆ. ಯಾರು ರಜೆ ಹಾಕಿದರೂ ಕೆಲಸ ನಿಲ್ಲಬಾರದು. ಚೀಟಿ ಅಂಟಿಸುತ್ತಿದ್ದವನು ಹೆಚ್ಚಾಗಿ ನಾನೇ.

ಮುದ್ದೇಬಿಹಾಳದಲ್ಲಿ ಚೀಟಿಯೂ ಬೇಕಿರಲಿಲ್ಲ. ಅಲ್ಲಿನ ನರ್ಸ್ ಮಹಾದೇವಿ ತಂಗಡಗಿಯವರು. ಒಮ್ಮೆ ನಾನು ಕೌಂಟರಿನಲ್ಲಿ ಕೂತು, ಒಳಗೆ ಇಂಜೆಕ್ಷನ್ ಕೊಡುತ್ತಿದ್ದ ಅವರನ್ನು ಕೂಗಿ ಕೇಳಿದೆ, "ಅಕ್ಕಾರ, ಪಾಸ್‌ವರ್ಡ್ ಬದಲ ಮಾಡೀರೇನ್ರಿ?"

ಒಳಗಿನಿಂದ ಉತ್ತರ ಬರುವ ಮೊದಲೇ ಬೆಂಚಿನ ಮೇಲೆ ಕಾಯುತ್ತ ಕೂತಿದ್ದ ಅಜ್ಜ ಒಬ್ಬ ಹೇಳಿದ, "ಇಲ್ಲೋ ತಮ್ಮಾ, ಅದ ಐತಿ. ತಂಗಡಗಿ ಒಂದ ಎರಡ ಮೂರ."

"ನಿಮಗ ಹೆಂಗ ಗೊತ್ರಿ?"

"ವಾರಕ್ಕೊಮ್ಮಿ ಶುಗರ್ ನೋಡಸಾಕ ಬರ್ತೇನಿ. ದವಾಖಾನಿ ತುಂಬ ಒದರತಾರ. ಕಿವಿ ಐತಿ, ಬೀಳ್ತೈತಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಈ ನಗುವನ್ನು ಮೊದಲ ಕರಡಿನಲ್ಲಿ ಎರಡು ಪುಟ ಬರೆದಿದ್ದೆ. ಬಾಗೇವಾಡಿಯ ಸಂಗತಿ ಅದರಲ್ಲಿ ಇರಲಿಲ್ಲ.

ಬಾಗೇವಾಡಿಯದು ಹೀಗೆ. ಹಳೆಯ ಕಂಪ್ಯೂಟರುಗಳು ಕೆಟ್ಟಾಗ ನಾನು ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಗುಜರಿಗೆ ಹಾಕುತ್ತಿದ್ದೆ. ಫಾರ್ಮ್ಯಾಟ್ ಮಾಡಿದರೆ ಎಲ್ಲ ಅಳಿಯುತ್ತದೆ ಎಂದುಕೊಂಡಿದ್ದೆ. ಅಳಿಯುವುದಿಲ್ಲ. ಪುಸ್ತಕದ ಮುಂದಿನ ಪರಿವಿಡಿ ಹರಿದಂತೆ ಅಷ್ಟೇ, ಒಳಗಿನ ಹಾಳೆಗಳು ಹಾಗೇ ಇರುತ್ತವೆ. ಗುಜರಿಯಿಂದ ಆ ಡಿಸ್ಕು ಒಂದು ಮೊಬೈಲ್ ಅಂಗಡಿಗೆ ಹೋಯಿತು. ಅಲ್ಲಿ ಯಾರೋ ಕುತೂಹಲಕ್ಕೆ ಒಳಗಿದ್ದದ್ದನ್ನು ಎತ್ತಿ ನೋಡಿದರು. ಊರಿನ ಒಬ್ಬ ಹುಡುಗಿ ಫಿಟ್ಸಿಗೆ ಮೂರು ವರ್ಷ ನಮ್ಮಲ್ಲಿ ಔಷಧಿ ತಗೊಂಡ ಕಾಗದ ಅದರಲ್ಲಿತ್ತು. ಸುದ್ದಿ ಹಬ್ಬಿ, ಅವಳ ನಿಶ್ಚಯವಾಗಿದ್ದ ಮದುವೆ ಮುರಿಯಿತು. ಅವಳ ತಂದೆ ದವಾಖಾನೆಗೆ ಬಂದು ಜಗಳ ಮಾಡಲಿಲ್ಲ. ಕೌಂಟರಿನ ಮುಂದೆ ನಿಂತು ಕೇಳಿದರು, "ಗುರಪ್ಪಣ್ಣ, ನಮ್ಮ ಮನಿ ಹೊರಗ ಈ ವಿಷಯ ನಿಮ್ಮಲ್ಲಿ ಮಾತ್ರ ಇತ್ರಿ. ಹ್ಯಾಂಗ ಹೋತು?" ನಾನು ಗೊತ್ತಿಲ್ಲ ಎಂದೆ. ಆಗ ನಿಜವಾಗಿಯೂ ಗೊತ್ತಿರಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಅನುಮಾನ ಇತ್ತು.

ಇದಾದ ಮೇಲೆ ಆಡಳಿತಾಧಿಕಾರಿ ದೇಶಪಾಂಡೆ ಸಾಹೇಬರು ವಿಜಯಪುರದಿಂದ ಹೊಸ ಆದೇಶ ತಂದರು. ಚೀಟಿಗಳೆಲ್ಲ ಕಿತ್ತು ಹಾಕಬೇಕು. ಎಲ್ಲ ಯಂತ್ರಗಳಿಗೂ ಒಳಗೆ ಬಂದದ್ದನ್ನೆಲ್ಲ ತಾನೇ ಗೂಢಲಿಪಿಯಲ್ಲಿ ಬರೆದುಕೊಳ್ಳುವ ಹಾರ್ಡ್ ಡ್ರೈವ್ ಹಾಕಬೇಕು.

ಹೊಸಬರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಈ ಡ್ರೈವು ಬರೆಯುವ ಪ್ರತಿಯೊಂದು ಅಕ್ಷರವನ್ನೂ ಗುರುತು ಸಿಗದಂತೆ ತಿರುಗಿಸಿಯೇ ಬರೆಯುತ್ತದೆ. ತಿರುಗಿಸುವ ಕೀಲಿ ಡ್ರೈವಿನ ಒಳಗೇ ಹುಟ್ಟುತ್ತದೆ, ಹೊರಗೆ ಬರುವುದೇ ಇಲ್ಲ. ತಯಾರಿಸಿದವರಿಗೂ ಅದು ಗೊತ್ತಿರುವುದಿಲ್ಲ. ನಾವು ಹಾಕುವ ಪಾಸ್‌ವರ್ಡ್ ಆ ಕೀಲಿ ಇಟ್ಟ ಕೋಣೆಯ ಬಾಗಿಲು ತೆಗೆಯುತ್ತದೆ, ಅಷ್ಟೇ. ಕರೆಂಟು ಹೋಯಿತೆಂದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೂ ಬಾಯಿ ಬಿಡುವುದಿಲ್ಲ. ಕೆಲವು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೆ, ಕರೆಂಟು ತೆಗೆದು ಮತ್ತೆ ಕೊಡುವ ತನಕ ಕೇಳಿಸಿಕೊಳ್ಳುವುದೂ ಇಲ್ಲ. ಕೊನೆಗೆ ಗುಜರಿಗೆ ಹಾಕುವಾಗ ತಾಸುಗಟ್ಟಲೆ ಅಳಿಸುತ್ತ ಕೂರಬೇಕಾಗಿಲ್ಲ. ಹಳೆಯ ಕೀಲಿ ಕೆಡಿಸಿ ಹೊಸದು ಹುಟ್ಟಿಸಿದರೆ ಸಾಕು. ಬರೆದದ್ದೆಲ್ಲ ಅಲ್ಲೇ ಇರುತ್ತದೆ, ಆದರೆ ಜಗತ್ತಿನಲ್ಲಿ ಯಾರಿಗೂ ಓದಲು ಬಾರದ ಕಸವಾಗಿ. ಒಂದು ಕ್ಷಣದ ಕೆಲಸ. ಬಾಗೇವಾಡಿಯ ಹುಡುಗಿಗೆ ಬೇಕಾಗಿದ್ದದ್ದು ಇದೇ ಡ್ರೈವು. ಅದು ಬಂದದ್ದು ಅವಳ ಮದುವೆ ಮುರಿದ ಮೇಲೆ.

ವಿಜಯಪುರದಲ್ಲಿ ಅರ್ಧ ದಿನದ ತರಬೇತಿ ಇತ್ತು. ಹೊರಗಿನಿಂದ ಬಂದ ಎಂಜಿನಿಯರ್ ಹೆಣ್ಣುಮಗಳು ಚೆನ್ನಾಗಿ ಹೇಳಿಕೊಟ್ಟಳು. ಕೊನೆಯ ಅರ್ಧ ತಾಸಿಗೆ ನಾನಿರಲಿಲ್ಲ, ಇಂಡಿ ಬಸ್ಸು ತಪ್ಪುತ್ತದೆಂದು ಎದ್ದು ಬಂದೆ. ಬಾಗಿಲಲ್ಲಿ ಚಪ್ಪಲಿ ಹುಡುಕಿದ್ದು, ಎಡಗಾಲಿನದು ಯಾರದೋ ಬೂಟಿನ ಕೆಳಗೆ ಸಿಕ್ಕಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಈ ಚಪ್ಪಲಿಯ ವಿಷಯ ನೆನಪಿಡಿ.

ಡ್ರೈವ್ ಹಾಕಿದ ಕಡೆಯೆಲ್ಲ ಎರಡನೆಯ ಪಾಸ್‌ವರ್ಡ್ ಒಂದನ್ನು ಇಟ್ಟು, ಲಕೋಟೆಯಲ್ಲಿ ಮುಚ್ಚಿ, ವಿಜಯಪುರದ ಕಪಾಟಿಗೆ ಕಳಿಸಬೇಕೆಂದಿತ್ತು. ಮೂರು ಊರಿನವು ಕಳಿಸಿದೆ. ಸಿಂದಗಿಯದು ಮುಂದಿನ ಸಲ ಬಂದಾಗ ಮಾಡಿದರಾಯಿತು ಎಂದು ಬಿಟ್ಟೆ. ಸಿಂದಗಿಯ ನೆಟ್ ನಿಧಾನವೆಂದು, ಅಲ್ಲಿಂದ ರೋಗಿಗಳ ಕಾಗದಪತ್ರಗಳ ನಕಲು ಮಾತ್ರ ವಿಜಯಪುರಕ್ಕೆ ಹೋಗುವಂತೆ ಮಾಡಿ, ಧ್ವನಿಯ ಕಡತಗಳನ್ನು ಕೈಬಿಟ್ಟಿದ್ದವನೂ ನಾನೇ. ಯಾರೂ ಕೇಳಲಿಲ್ಲ.

ಸಿಂದಗಿಯಲ್ಲಿ ವಿದ್ಯಾ ಮೇಡಂ ಇದ್ದರು. ಮಾತು ಬಾರದವರಿಗೆ, ಮಾತು ಹೋದವರಿಗೆ ತರಬೇತಿ ಕೊಡುವವರು. ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದವರು ಬಂದರೆ, ಆಪರೇಷನ್ನಿಗೆ ಮೊದಲು ಅವರ ಮಾತುಗಳನ್ನು ಅವರ ದನಿಯಲ್ಲೇ ತಮ್ಮ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ ತುಂಬಿಸಿಕೊಳ್ಳುತ್ತಿದ್ದರು. ಆಮೇಲೆ ಅವನ್ನು ಫೋನಿಗೆ ಹಾಕಿಕೊಡುವುದು. ಚಿತ್ರ ಒತ್ತಿದರೆ ಮಾತು ಬರುತ್ತದೆ. ನೀರಿನ ಚಿತ್ರ ಒತ್ತಿದರೆ 'ನೀರ ಕೊಡು'.

ಹಾಗೆ ಬಂದವರು ಬಸಲಿಂಗಪ್ಪ. ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಮೈಕು ಹಿಡಿದು ಗಾಡಿಗಳ ಹೆಸರು ಕೂಗುತ್ತಿದ್ದವರು. ಇಪ್ಪತ್ತು ವರ್ಷ ವಾರಕ್ಕೆರಡು ಸಲ ಅವರ ದನಿ ಕೇಳಿ ಬಸ್ಸು ಹತ್ತಿದ್ದೇನೆ. ದೇವಣಗಾಂವ ಗಾಡಿ ಎಂದರೆ ಅದು ದೇವಣಗಾಂವ ಗಾಡಿಯೇ, ಬೋರ್ಡು ನೋಡಬೇಕಿರಲಿಲ್ಲ.

ಮೈಕಿನ ತಂತಿ ಜೋಡಿಸುತ್ತಿದ್ದ ನನಗೆ ಅವರು ಕೇಳಿದರು, "ಗುರಪ್ಪಣ್ಣ, ನಿಮ್ಮ ಡಬ್ಬಿ ನನ್ನ ದನಿ ನುಂಗಂಗಿಲ್ಲಲ್ಲ?"

"ನುಂಗಿದ್ರ ನಾ ಕಕ್ಕಸ್ತೇನಿ ಬಿಡ್ರಿ. ಇದಕ್ಕ ಎಂಥಾ ಕೀಲಿ ಐತಿ ಅಂದ್ರ, ಕಳ್ಳ ಒಯ್ದರೂ ಕೇಳಾಕ ಬರೂದಿಲ್ಲ."

"ಕಳ್ಳನ ಸುದ್ದಿ ಬ್ಯಾಡ್ರಿ. ನಮ್ಮಾಕಿಗೆ ಕೇಳಿದ್ರ ಸಾಕು."

ಅವರ ಹೆಂಡತಿ ಶಾಂತವ್ವ ಪಕ್ಕದಲ್ಲೇ ಕೂತಿದ್ದರು. ಅವರಿಗೆ ಓದು ಬರಹ ಬರುವುದಿಲ್ಲ. ವಿದ್ಯಾ ಮೇಡಂ ಅದಕ್ಕೇ ಈ ಕೆಲಸಕ್ಕೆ ಅಷ್ಟು ಅವಸರ ಮಾಡಿದ್ದು. ಬಸಲಿಂಗಪ್ಪ ಸ್ಲೇಟಿನಲ್ಲಿ ಬರೆದರೆ ಊರಿನವರೆಲ್ಲ ಓದುತ್ತಾರೆ, ಮನೆಯಲ್ಲಿರುವವಳೊಬ್ಬಳು ಓದಲಾರಳು. ಮಕ್ಕಳಿಲ್ಲ. ಮನೆಯಲ್ಲಿ ಇಬ್ಬರೇ.

ಮೂರು ದಿನ ತುಂಬಿಸಿದರು. ಒಂದು ದಿನ ಬಸಲಿಂಗಪ್ಪ ಶಾಂತವ್ವನಿಗೆ ಹೊರಗೆ ಹೋಗೆಂದರು.

"ಯಾಕ? ನಾ ಇದ್ರ ನಿಮ್ಮ ದನಿ ಅಂಜತೈತೇನು?"

"ಹೋಗ ಅಂದ್ರ ಹೋಗ ಮಾರಾಯ್ತಿ. ಒಂದು ಚಾ ಕುಡದು ಬಾ."

ಬಾಗಿಲು ಹಾಕಿದರು. ನಾನೂ ಹೊರಗಿದ್ದೆ, ಪ್ರಿಂಟರು ನೋಡುತ್ತಿದ್ದೆ. ಅವರು ತುಂಬಿಸಿದ ಮಾತುಗಳಲ್ಲಿ ಒಂದನ್ನೂ ನಾನು ಕೇಳಲಿಲ್ಲ. ಕೇಳಬಹುದಿತ್ತು.

ಅವರು ಆಪರೇಷನ್ನಿಗೆ ಹೋದಾಗ ನವರಾತ್ರಿ. ಖಂಡೇ ಪೂಜೆಯ ದಿನ ನಮ್ಮಲ್ಲಿ ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಪೂಜೆ ಮಾಡುತ್ತಾರೆ. ಸ್ಟೆತಸ್ಕೋಪಿಗೆ, ತೂಕದ ಯಂತ್ರಕ್ಕೆ, ಕಂಪ್ಯೂಟರಿಗೆ. ಚೀಟಿ ಅಂಟಿಸಬಾರದೆಂಬ ಆದೇಶವಿದ್ದರೂ ವಿದ್ಯಾ ಮೇಡಂ ಲ್ಯಾಪ್‌ಟಾಪಿನ ತಳಕ್ಕೆ ಶಾಯಿಯಲ್ಲಿ ಬರೆದ ಚೀಟಿ ಇತ್ತು. ಅವರು ಬೇಡವೆಂದರೂ, "ಮ್ಯಾಲ ಯಾರಿಗೆ ಕಾಣಬೇಕ್ರಿ, ತಳದಾಗ ಇರಲಿ" ಎಂದು ಅಂಟಿಸಿದವನು ನಾನು. ಕಸ ಗುಡಿಸುವ ಅಮ್ಮ ಶ್ರದ್ಧೆಯಿಂದ ಲ್ಯಾಪ್‌ಟಾಪನ್ನು ಒದ್ದೆ ಬಟ್ಟೆಯಿಂದ ಮೇಲೆ ಕೆಳಗೆ ಒರೆಸಿ, ನೆನೆದ ವಿಭೂತಿಯ ಮೂರು ಗೆರೆ ಎಳೆದು, ಕುಂಕುಮ ಇಟ್ಟರು. ಚೀಟಿ ನೀಲಿ ಕಲೆಯಾಯಿತು.

ಹಬ್ಬದ ಉದ್ದ ರಜೆ ಮುಗಿಸಿ ಬಂದ ಮೇಡಂ ಲ್ಯಾಪ್‌ಟಾಪ್ ಹಚ್ಚಿದರೆ ಪಾಸ್‌ವರ್ಡ್ ನೆನಪಿಲ್ಲ. ಪ್ರತಿದಿನ ಚೀಟಿ ನೋಡಿ ಹೊಡೆದವರಿಗೆ ಹೇಗೆ ನೆನಪಿರಬೇಕು? ಎರಡು ದಿನ ಪ್ರಯತ್ನ ಮಾಡಿದರು. ಐದು ಸಲ ತಪ್ಪು, ಬಂದ್ ಮಾಡು, ಹಚ್ಚು, ಮತ್ತೆ ಐದು ಸಲ. ಮೂರನೇ ದಿನ ನನಗೆ ಫೋನ್ ಬಂತು. ಅವತ್ತೇ ಬಸಲಿಂಗಪ್ಪ ತಮ್ಮ ದನಿ ಒಯ್ಯಲು ಬರುವವರಿದ್ದರು.

ನಾನು ಸಿಂದಗಿ ಮುಟ್ಟಿದಾಗ ಅವರು ಬಂದು ಕೂತಾಗಿತ್ತು. ಕುತ್ತಿಗೆಯ ಸುತ್ತ ಬಿಳಿ ಬಟ್ಟೆ, ತೊಡೆಯ ಮೇಲೆ ಸ್ಲೇಟು, ಬಳಪ. ಮುಖ ಅರ್ಧವಾಗಿತ್ತು.

ಶಾಂತವ್ವ ಹೇಳಿದರು, "ಬರ್ರಿ, ನಿಮ್ಮ ದಾರಿನ ನೋಡಾಕತ್ತೀವಿ. ಇವರ ಬಾಯಿ ಬಂದ್ ಆಗಿ ಇಪ್ಪತ್ತೆರಡು ದಿನ ಆತು. ಮದುವ್ಯಾದಾಗಿಂದ ನಾ ಇಷ್ಟು ಆರಾಮ ಇದ್ದಿದ್ದಿಲ್ಲ."

ಬಸಲಿಂಗಪ್ಪ ಬರೆದು ನನಗೆ ತೋರಿಸಿದರು: ಸುಳ್ಳು. ಮೂರು ಹೊತ್ತೂ ಅಳತಾಳ.

"ಏನ ಬರದಾರ್ರಿ?" ಎಂದು ಶಾಂತವ್ವ ಕೇಳಿದರು.

"ಹೌದು ಅಂತ ಬರದಾರ್ರಿ," ಎಂದೆ. ಅದು ಆ ದಿನ ನಾನು ಹೇಳಿದ ಮೊದಲ ಸುಳ್ಳು, ಸಣ್ಣದು.

ವಿದ್ಯಾ ಮೇಡಂ ನನ್ನ ಕೈಗೆ ಒಂದು ಹಾಳೆ ಕೊಟ್ಟರು. ತುಂಬಿಸಿದ ಅರವತ್ತನಾಲ್ಕು ಮಾತುಗಳ ಪಟ್ಟಿ. "ತೆಗೆದ ಮೇಲೆ ಒಂದೊಂದೇ ಬಂದಾವೋ ಇಲ್ಲೋ ಗುರುತು ಹಾಕ್ಕೋರಿ," ಎಂದರು. ಮಡಚಿ ಹಸಿರು ನೋಟ್‌ಬುಕ್ಕಿನಲ್ಲಿ ಇಟ್ಟೆ.

ಒಳಗಿನ ಕೋಣೆಗೆ ಹೋಗಿ ಲ್ಯಾಪ್‌ಟಾಪ್ ಬಿಚ್ಚಿ ಡ್ರೈವ್ ಹೊರಗೆ ತೆಗೆದೆ. ಅದರ ಲೇಬಲ್ ನೋಡಿದೆ. ಸಣ್ಣ ಅಕ್ಷರದಲ್ಲಿ ಒಂದು ಸಾಲು, ಅಂಕಿ ಅಕ್ಷರ ಕೂಡಿ ಮೂವತ್ತೆರಡು. ಜೀವಮಾನವೆಲ್ಲ ಪಾಸ್‌ವರ್ಡನ್ನು ವಸ್ತುವಿನ ಮೈಮೇಲೆ ಅಂಟಿಸಿಕೊಂಡು ಬಂದವನಿಗೆ ಅದು ಏನೆಂದು ಕಂಡಿತೋ ನೀವೇ ಹೇಳಿ. ಕಂಪನಿಯವರೂ ನಮ್ಮವರ ಹಾಗೇ, ಕಷ್ಟಕಾಲಕ್ಕೆ ಇರಲೆಂದು ಚೀಟಿ ಹಚ್ಚಿದ್ದಾರೆ ಎಂದುಕೊಂಡೆ. ಖುಷಿಯಾಯಿತು. ಬಿಚ್ಚಿದ ವಸ್ತು ಗುಟ್ಟು ಬಿಟ್ಟುಕೊಟ್ಟಿತ್ತು.

ಕೇಬಲ್ಲಿನಿಂದ ಡ್ರೈವನ್ನು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ತರಬೇತಿಯಲ್ಲಿ ಕೊಟ್ಟಿದ್ದ ತಂತ್ರಾಂಶ ತೆಗೆದೆ. ಅದರಲ್ಲಿ ಈ ಲೇಬಲ್ ನಂಬರ್ ಹಾಕುವುದಕ್ಕೆಂದೇ ಒಂದು ಜಾಗ ಇತ್ತು. ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಹೊಡೆದೆ. ಎಚ್ಚರಿಕೆ ಏನಾದರೂ ಬಂತೇ ಎಂದು ಆಮೇಲೆ ದೇಶಪಾಂಡೆ ಸಾಹೇಬರು ಕೇಳಿದರು. ಬರಲಿಲ್ಲ ಎಂದಿದ್ದೇನೆ. ಈಗ ಹೇಳುತ್ತೇನೆ: ಬಂದೇ ಬರುತ್ತದೆ. ಬಂದಿರಬೇಕು. ಒಂದು ಚೌಕ, ಅದರಲ್ಲಿ ಇಂಗ್ಲಿಷಿನ ಎರಡು ಸಾಲು. ನಾನು ದಿನಕ್ಕೆ ಅಂಥ ಇಪ್ಪತ್ತು ಚೌಕಗಳಿಗೆ ಓದದೆ 'ಯಸ್' ಒತ್ತುತ್ತಿದ್ದೆ. ಮುದ್ದೇಬಿಹಾಳದ ಬಸ್ಸು ಹಿಡಿಯುವುದಿತ್ತು.

ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೀಲಿ ತೆರೆದಿದೆ ಎಂದು ತೋರಿಸಿತು.

ಹೊರಗೆ ಬಂದು ಹೇಳಿದೆ, "ತೆಗೀತ್ರಿ."

ಈ ಒಂದು ಮಾತನ್ನು ಮಾತ್ರ ನಾನು ಬೇರೆ ಯಾವ ರೀತಿಯಲ್ಲೂ ನೆನಪು ಮಾಡಿಕೊಳ್ಳಲು ಆಗಿಲ್ಲ. ಶಾಂತವ್ವ ಕೈ ಮುಗಿದರು. ಬಸಲಿಂಗಪ್ಪ ಸ್ಲೇಟನ್ನು ಕೆಳಗಿಟ್ಟರು, ಇನ್ನು ಬೇಕಾಗಿಲ್ಲ ಎಂಬಂತೆ ಗೋಡೆಗೆ ಆನಿಸಿ. ನಾನು ಒಳಗೆ ಹೋಗಿ ಡ್ರೈವ್ ತೆರೆದು ನೋಡಿದೆ. ಖಾಲಿ. ಅಂಗಡಿಯಿಂದ ತಂದ ದಿನದ ಹಾಗೆ.

ಲೇಬಲ್ಲಿನ ಆ ಸಾಲು ಬಾಗಿಲು ತೆಗೆಯುವುದಕ್ಕಲ್ಲ. ಎಲ್ಲ ಪಾಸ್‌ವರ್ಡೂ ಮರೆತು ಡ್ರೈವ್ ಉಪಯೋಗಕ್ಕೆ ಬಾರದೆ ಹೋದಾಗ, ಹಳೆಯ ಕೀಲಿ ಕೆಡಿಸಿ ಅದನ್ನು ಹೊಸದು ಮಾಡಿಕೊಳ್ಳುವುದಕ್ಕೆ. ಅದಕ್ಕೇ ಅದನ್ನು ಬಹಿರಂಗವಾಗಿ ಮೈಮೇಲೆ ಅಚ್ಚು ಹಾಕಿರುತ್ತಾರೆ. ಕದ್ದವನು ಅದನ್ನು ಹೊಡೆದರೂ ಅವನಿಗೆ ಖಾಲಿ ಡ್ರೈವೇ ಸಿಗಲಿ ಎಂದು. ರಕ್ಷಣೆ ತನ್ನ ಕೆಲಸ ಚೊಕ್ಕವಾಗಿ ಮಾಡಿತ್ತು. ನನ್ನನ್ನು ಕಳ್ಳನಂತೆ ನೋಡಿಕೊಂಡಿತ್ತು.

ಒಂದು ತಾಸು ಒಳಗೇ ಇದ್ದೆ. ಹೊರಗೆ ಬಂದು, "ಡ್ರೈವ್ ಕೆಟ್ಟೈತ್ರಿ. ಒಳಗ ಏನೂ ಉಳಿದಿಲ್ಲ," ಎಂದೆ.

ಬಸಲಿಂಗಪ್ಪ ಬಗ್ಗಿ ಸ್ಲೇಟು ಎತ್ತಿಕೊಂಡರು. ಶಾಂತವ್ವ ಕೇಳಿದರು, "ಈಗರ ತೆಗೀತು ಅಂದ್ರಿ?"

"ತೆಗೀತ್ರಿ. ತೆಗೆದ ಮ್ಯಾಲ ಗೊತ್ತಾತು."

ಮರುದಿನ ಬೆಳಿಗ್ಗೆ ಮುದ್ದೇಬಿಹಾಳದಲ್ಲಿದ್ದಾಗ ವಿದ್ಯಾ ಮೇಡಂ ಫೋನ್ ಮಾಡಿದರು. ಮನೆಯಲ್ಲಿ ಮಗಳ ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದಾಗ ಬೆರಳು ತಾವೇ ಹೋದವಂತೆ. "ಸರ, ಪಾಸ್‌ವರ್ಡ್ ನೆನಪಾತ್ರಿ. ಈಗ ಉಪಯೋಗ ಇಲ್ಲ ಅಂತ ಗೊತ್ತೈತಿ. ಸುಮ್ನ ಹೇಳಿದೆ." ಅವರು ಆ ಪಾಸ್‌ವರ್ಡನ್ನು ಫೋನಿನಲ್ಲಿ ಒಂದೊಂದೇ ಅಕ್ಷರವಾಗಿ ಹೇಳಿದರು. ಯಾಕೆ ಹೇಳಿದರೋ, ನಾನು ಯಾಕೆ ಬರೆದುಕೊಂಡೆನೋ ಗೊತ್ತಿಲ್ಲ. ಒಂದು ದಿನ ಕಾಯ್ದಿದ್ದರೆ ಸಾಕಿತ್ತು.

ದೇಶಪಾಂಡೆ ಸಾಹೇಬರು ವಿಜಯಪುರಕ್ಕೆ ಕರೆಸಿದರು. ಕೆಟ್ಟ ಮನುಷ್ಯರಲ್ಲ. ಬಾಗಿಲು ಹಾಕಿ ಕೇಳಿದರು, ನಾನು ನಡೆದದ್ದು ಹೇಳಿದೆ. ಲೇಬಲ್ಲಿನ ವಿಷಯ ತರಬೇತಿಯಲ್ಲಿ ಹೇಳುವಾಗ ನಾನಿರಲಿಲ್ಲ, ಬಸ್ಸಿಗೆ ಹೋಗಿದ್ದೆ ಎಂದೂ ಹೇಳಿದೆ. ಚಪ್ಪಲಿಯ ಕಥೆಯನ್ನೂ ಹೇಳಿದೆ.

ಅವರು ಒಂದು ಬಿಳಿ ಹಾಳೆ ನನ್ನ ಮುಂದೆ ಸರಿಸಿ ಹೇಳಿದರು, "ಡ್ರೈವ್ ಕೆಟ್ಟಿತ್ತು ಅಂತನ ಬರದು ಕೊಡ್ರಿ ಗುರಪ್ಪ. ಡ್ರೈವಿಗೇನು ನೋವಾಗೂದಿಲ್ಲ."

ಬರೆದು ಕೊಟ್ಟೆ.

ವಿದ್ಯಾ ಮೇಡಂ ಬಸಲಿಂಗಪ್ಪನವರಿಗೆ ಬೇರೆ ಫೋನ್ ಹೊಂದಿಸಿಕೊಟ್ಟರು. ಬರೆದರೆ ಓದಿ ಹೇಳುವಂಥದ್ದು. ಅದು ಒಬ್ಬ ಹೆಂಗಸಿನ ದನಿಯಲ್ಲಿ, ಬೆಂಗಳೂರಿನ ಕಡೆಯ ಮಾತಿನಲ್ಲಿ, "ದಯವಿಟ್ಟು ನೀರು ಕೊಡಿ" ಎಂದಿತಂತೆ. "ನಮ್ಮ ಮನ್ಯಾಗ ಇನ್ನೊಬ್ಬಾಕಿ ಬ್ಯಾಡ್ರಿ," ಎಂದು ಶಾಂತವ್ವ ಅದನ್ನು ತಂದು ಮೇಡಂ ಮೇಜಿನ ಮೇಲೆ ಇಟ್ಟು ಹೋದರು. ಆಮೇಲೆ ಬಸಲಿಂಗಪ್ಪ ಹೆಂಡತಿಯನ್ನು ಕರೆಯಬೇಕಾದರೆ ತಾಟಿಗೆ ಚಮಚ ಬಡಿಯತೊಡಗಿದರು. ಅವರ ಓಣಿಯಲ್ಲಿ ಹೋದರೆ ಕೇಳುತ್ತಿತ್ತು.

ಅವರ ದನಿ ಬೇರೆಲ್ಲಾದರೂ ಉಳಿದಿರಬಹುದೆಂದು ಹುಡುಕಿದೆ. ಬಸ್ ಸ್ಟ್ಯಾಂಡಿನಲ್ಲಿ ಕೂಗುತ್ತಿದ್ದದ್ದು ನೇರ ಮೈಕಿನಲ್ಲಿ, ಯಾರೂ ತುಂಬಿಸಿ ಇಟ್ಟಿರಲಿಲ್ಲ. ಎರಡು ವರ್ಷದ ಮೇಲೆ ದೇವಣಗಾಂವದ ಒಬ್ಬರ ಫೋನಿನಲ್ಲಿ ಒಂದು ವಿಡಿಯೊ ಸಿಕ್ಕಿತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ತೆಗೆದದ್ದು. ಹಿಂದೆ ದೂರದಲ್ಲಿ ಮೈಕಿನ ಕೂಗು. ನಾನು ಕೇಳಿದ ಕೂಡಲೇ ಗುರುತು ಹಿಡಿದೆ. ಕಿವಿ ಸುಳ್ಳು ಹೇಳುವುದಿಲ್ಲ ಎಂದುಕೊಂಡು ಅವರ ಮನೆಗೆ ಓಡಿದೆ. ಬಸಲಿಂಗಪ್ಪ ಮೂರು ಸಲ ಕೇಳಿ, ಬರೆದರು: ಇದು ನಾನಲ್ಲ. ನಾ ರಜಾದಾಗ ಇದ್ದಾಗ ಕೂಗತಿದ್ದ ಚಂದ್ರಾಮ.

ಶಾಂತವ್ವನೂ ತಲೆ ಆಡಿಸಿದರು. "ಇಪ್ಪತ್ತು ವರ್ಷ ಕೇಳೇನಿ ಅಂತೀರಿ. ಏನ ಕೇಳೀರಿ?"

ನಾನು ನಿವೃತ್ತನಾದೆ. ಚೀಲ ಮನೆಯ ಅಟ್ಟಕ್ಕೆ ಹೋಯಿತು. ಹೊಸಬರಿಗೆ ಏನಾದರೂ ಬರೆದು ಕೊಡು ಎಂದು ಹಳೆಯ ಸಹೋದ್ಯೋಗಿಗಳು ಹೇಳಿದ್ದರಿಂದ ಈ ವರ್ಷ ಅದನ್ನು ಇಳಿಸಿ, ಹಸಿರು ನೋಟ್‌ಬುಕ್ ತೆಗೆದೆ. ತರಬೇತಿಯ ದಿನದ ಪುಟಗಳು ಅದರಲ್ಲಿದ್ದವು. ನನ್ನದೇ ಅಕ್ಷರ. ಕೀಲಿ ಒಳಗೇ ಹುಟ್ಟುತ್ತದೆ, ಕರೆಂಟು ಹೋದರೆ ತಾನೇ ಮುಚ್ಚುತ್ತದೆ, ಐದು ಸಲ. ಕೊನೆಯ ಪುಟದಲ್ಲಿ, ಕೆಳಗೆ ಎರಡು ಗೆರೆ ಎಳೆದು: 'ಲೇಬಲ್ ಮೇಲಿನ 32 ಅಕ್ಷರ — ಇದು ಪಾಸ್‌ವರ್ಡ್ ಅಲ್ಲ. ಹಾಕಿದರೆ ಎಲ್ಲ ಹೋಗುತ್ತದೆ.'

ಅಂದರೆ ನಾನು ಆ ಅರ್ಧ ತಾಸು ಅಲ್ಲೇ ಕೂತಿದ್ದೆ. ಕೇಳಿಸಿಕೊಂಡೆ, ಬರೆದುಕೊಂಡೆ, ಗೆರೆ ಎಳೆದೆ. ಚಪ್ಪಲಿ ಹುಡುಕಿದ್ದು ಯಾವ ದಿನದ್ದೋ, ಯಾರ ಬೂಟೋ. ನನ್ನ ಮನಸ್ಸು ಅದನ್ನು ಎಲ್ಲಿಂದಲೋ ತಂದು ಬೇಕಾದ ಜಾಗಕ್ಕೆ ಅಂಟಿಸಿತ್ತು. ಆರು ವರ್ಷ ನನಗೆ ನಾನೇ ಅದನ್ನು ತೋರಿಸಿಕೊಂಡು ತಿರುಗಿದೆ. ಅದೇ ಪುಟಗಳ ನಡುವೆ ಮಡಚಿದ ಒಂದು ಹಾಳೆ ಇತ್ತು. ಅರವತ್ತನಾಲ್ಕು ಮಾತುಗಳ ಪಟ್ಟಿ, ಒಂದಕ್ಕೂ ಗುರುತು ಹಾಕದ್ದು.

ಮರುದಿನ ಸಿಂದಗಿಗೆ ಹೋದೆ. ಬಸಲಿಂಗಪ್ಪ ಪಡಸಾಲೆಯಲ್ಲಿ ಹೋರಸಿನ ಮಂಚದ ಮೇಲೆ ಕೂತಿದ್ದರು. ತಾಟು, ಚಮಚ ಬಗಲಲ್ಲೇ ಇದ್ದವು. ನಡೆದದ್ದೆಲ್ಲ ಹೇಳಿದೆ. ಡ್ರೈವ್ ಕೆಟ್ಟಿರಲಿಲ್ಲ, ನಾನು ಕೆಡಿಸಿದೆ ಎಂದೆ. ನೋಟ್‌ಬುಕ್ಕಿನ ಸಾಲು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, ಸ್ಲೇಟು ತಗೊಂಡರು: ಆ ದಿನ ಈ ಪುಸ್ತಕ ಎಲ್ಲಿತ್ತು?

"ಚೀಲದಾಗ ಇತ್ರಿ."

ಅವರು ಸ್ಲೇಟು ಒರೆಸಿದರು. ಬಗಲಲ್ಲಿ ಇಟ್ಟರು. ಕ್ಷಮಿಸಿದರು ಎಂದು ನಾನು ಬರೆಯಲಾರೆ.

ಶಾಂತವ್ವ ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತಿದ್ದರು. "ಆ ಇನ್ನೊಂದು ಕಾಗದ ಏನ್ರಿ?" ಎಂದರು.

"ಆವಾಗ ಇವರು ತುಂಬಿಸಿದ ಮಾತಿನ ಪಟ್ಟಿರಿ."

"ಓದ್ರಿ ಅದನ್ನ."

ನಾನು ಬಸಲಿಂಗಪ್ಪನವರ ಮುಖ ನೋಡಿದೆ. ಅವರು ಬೇಡ ಎನ್ನಲಿಲ್ಲ. ಓದಿದೆ.

"ನೀರ ಕೊಡು. ಫ್ಯಾನ್ ಹಚ್ಚು. ಉಪ್ಪ ಕಡಿಮಿ ಆಗೇತಿ. ಯಾರ್ರಿ ಅದು ಬಾಗಲದಾಗ. ದೇವಣಗಾಂವ ಗಾಡಿ ಹೊಂಟೈತಿ, ಹತ್ತಾವ್ರು ಹತ್ರಿ."

"ಹಂಗಲ್ರಿ," ಎಂದು ಶಾಂತವ್ವ ತಡೆದರು. "'ಹತ್ತಾವ್ರು' ಅನ್ನೂದ್ನ ಜಗ್ಗತಿದ್ರು. ನೀವು ರೇಷನ್ ಕಾರ್ಡ್ ಓದಿದಂಗ ಓದಾಕತ್ತೀರಿ."

ಬಸಲಿಂಗಪ್ಪ ಹೋರಸಿನ ಪಟ್ಟಿಗೆ ಬೆರಳಿನಿಂದ ಬಡಿದು ತೋರಿಸಿದರು, ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು. ನಾನು ಮತ್ತೆ ಹೇಳಿದೆ. ಬರಲಿಲ್ಲ. ಹಾಗೇ ಮುಂದೆ ಹೋದೆ. ನಲವತ್ತೊಂದನೆಯದಕ್ಕೆ ಬಂದೆ. ಪಕ್ಕದಲ್ಲಿ ಮೇಡಂ ಅಕ್ಷರದಲ್ಲಿ ಸಣ್ಣದಾಗಿ, 'ಮನೆಯವರನ್ನು ಹೊರಗೆ ಕಳಿಸಿ ಹೇಳಿದ್ದು' ಎಂದಿತ್ತು. ಅದನ್ನು ಓದಬೇಕೋ ಬೇಡವೋ ತಿಳಿಯದೆ ನಿಂತೆ. ಬಸಲಿಂಗಪ್ಪ ಕೈಯಿಂದ ಓದು ಎಂಬಂತೆ ಮಾಡಿದರು.

"ಶಾಂತಾ, ನನಗ ಸಿಟ್ಟು ಬಂದಿಲ್ಲ."

ಶಾಂತವ್ವ ಚೌಕಟ್ಟು ಬಿಟ್ಟು ಒಳಗೆ ಬಂದರು. ಹೋರಸಿನ ಎದುರಿಗೆ ನೆಲದ ಮೇಲೆ ಕೂತರು. ತಾಟಿನ ಕಡೆ ನೋಡಿದರು.

"ಆರು ವರ್ಷ," ಎಂದರು ಗಂಡನಿಗೆ. "ಇದನ್ನ ಬಡದಾಗೆಲ್ಲ ಸಿಟ್ಟಾಗೀರಿ ಅಂತ ತಿಳಕೊಂಡು ಅಂಜಿ ಓಡಿ ಬರತಿದ್ದೆ."

ಅವರು ಆಕೆಯ ಕಡೆ ನೋಡುತ್ತ ಕೂತಿದ್ದರು. ಸ್ಲೇಟಿಗೆ ಕೈ ಹಾಕಲಿಲ್ಲ. ಹಾಕಿದರೂ ಅದನ್ನು ನಾನೇ ಓದಿ ಹೇಳಬೇಕಾಗಿತ್ತು.

"ಇನ್ನೊಮ್ಮೆ ಓದ್ರಿ," ಎಂದರು ಶಾಂತವ್ವ.

ಓದಿದೆ. ಮತ್ತೊಮ್ಮೆ ಎಂದರು. ಮೂರನೇ ಸಲ ಓದುವಾಗ ಹಾಳೆಯಿಂದ ತಲೆ ಎತ್ತಿದೆ. ಆಕೆ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಗಂಡನ ಬಾಯಿ ನೋಡುತ್ತಿದ್ದರು. ನಾನು ಒಂದೊಂದು ಶಬ್ದ ಹೇಳಿದಂತೆ ಬಸಲಿಂಗಪ್ಪನವರ ತುಟಿಗಳು ಅಲುಗುತ್ತಿದ್ದವು, ನನ್ನದಕ್ಕಿಂತ ಸ್ವಲ್ಪ ನಿಧಾನವಾಗಿ.

ನಾನು ಅವರ ವೇಗಕ್ಕೆ ಇಳಿದು ಮತ್ತೆ ಓದಿದೆ.